ಉಳಿಯ ಓರೆ

ಕಳೆದ ವರ್ಷದ ಬೇಸಿಗೆಯಲ್ಲಿ ನಾನು ಒಂದು ಉಳಿಯನ್ನು ಕೆಡಿಸಿದೆ. ಉಳಿ ನನ್ನದಲ್ಲ. ಶಿರಾ ತಾಲ್ಲೂಕಿನ ಗೌಡಗೆರೆಯಲ್ಲಿ ನಮ್ಮ ಬೀದಿಯಲ್ಲೇ ಇರುವ ಬಡಗಿಯೊಬ್ಬರದು. ಊರೆಲ್ಲ ಅವರನ್ನು ಆಚಾರ್ರು ಎನ್ನುತ್ತದೆ, ನಾನು ತಾತ ಎನ್ನುತ್ತೇನೆ. ಕೆಡಿಸಿದ ಮೇಲೆ ಅದನ್ನು ಮುಚ್ಚಿಟ್ಟೆ. ಕೆಡಿಸಿದ್ದು ಅರಿಯದೆ ಆದದ್ದು, ಮುಚ್ಚಿಟ್ಟದ್ದು ತಿಳಿದೇ ಮಾಡಿದ್ದು, ಆದ್ದರಿಂದ ಎರಡನೆಯದೇ ನಿಜವಾದ ತಪ್ಪು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಆ ಲೆಕ್ಕ ಅಷ್ಟು ಸರಿಯಾಗಿ ಕೂರುತ್ತಿಲ್ಲ. ಯಾಕೆ ಎಂದು ಹೇಳಬೇಕಾದರೆ ಉಳಿಯ ಓರೆಯ ವಿಷಯವನ್ನೇ ಸ್ವಲ್ಪ ವಿವರವಾಗಿ ಹೇಳಬೇಕು.

ತಾತ ನಮ್ಮ ಮನೆಯ ಹಿಂದಿನ ಕೋಣೆಗೆ ದಾರಂದ ಮಾಡುತ್ತಿದ್ದರು. ಹೊಲದ ಬದುವಿನಲ್ಲಿದ್ದ ಕರಿಜಾಲಿಯನ್ನು ಕುಯ್ಯಿಸಿ ಎರಡು ವರ್ಷ ಒಣಗಲು ಬಿಟ್ಟಿದ್ದೆವು. ಜಾಲಿ ನಮ್ಮ ಕಡೆಯ ಒಣಭೂಮಿಯ ಮರ. ಹಿಂದೆ ನೇಗಿಲಿಗೂ ಗಾಡಿಗೂ ಅದೇ ಆಗುತ್ತಿತ್ತು. ಹಸಿಯಿದ್ದಾಗ ಹೇಗೋ ಮಾತು ಕೇಳುತ್ತದೆ, ಒಣಗಿದರೆ ಮೊಳೆಯನ್ನೇ ಬಗ್ಗಿಸುತ್ತದೆ. ದಾರಂದದ ಮೂಲೆಗಳಲ್ಲಿ ಒಂದು ಮರದ ತುದಿ ಇನ್ನೊಂದರ ಹೊಟ್ಟೆಯೊಳಗೆ ಕೂರುವಂತೆ ಚೌಕನೆ ತೂತು ತೆಗೆಯಬೇಕು. ಆ ಕೆಲಸ ಒಂದಿಂಚಿನ ಉಳಿಯದು. ಅದರ ಬಾಯಿ ಯಾವುದೋ ಹಳೇ ಹಲಗೆಯ ಮೊಳೆಗೆ ತಾಗಿ ಮುಕ್ಕಾಗಿತ್ತು. ಸಣ್ಣಪುಟ್ಟ ಮೊಂಡನ್ನು ತಾತ ಸಾಣೆಕಲ್ಲಿನ ಮೇಲೇ ತೀಡಿಕೊಳ್ಳುತ್ತಾರೆ, ಮುಕ್ಕು ಹೋಗಬೇಕಾದರೆ ಮಿಷನ್ ಬೇಕು. ಹಿಂದೆ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯುವವರು ಊರೂರು ತಿರುಗುತ್ತಿದ್ದರು. ಈಗ ವೆಲ್ಡಿಂಗ್ ಶಾಪಿನ ಬೆಂಚ್ ಗ್ರೈಂಡರೇ ಗತಿ. ಕಣ್ಣಿನ ಪೊರೆ ತೆಗೆಸಿದ ಮೇಲೆ ತಾತ ಕಿಡಿ ಹಾರುವ ಕಡೆ ಹೋಗುವುದಿಲ್ಲ.

“ಮುಕ್ಕು ಹೋಗೋವರ್ಗೂ ಒಂದೀಟು ಹಿಡಿಸ್ಕಂಡ್ ಬಾರಪ್ಪ. ಮಿಕ್ಕಿದ್ ನಾನ್ ಕಲ್ಲಿನ್ ಮೇಲೆ ನೋಡ್ಕತೀನಿ” ಎಂದು ಉಳಿಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ನಾನು ಹೊರಡುವ ಮುಂಚೆ ಅಕ್ಕನ ಮಗಳ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದುಕೊಂಡೆ. ತಪ್ಪು ಶುರುವಾದದ್ದು ಶಾಪಿನಲ್ಲಲ್ಲ, ಅಲ್ಲೇ, ಆ ಬಾಕ್ಸಿನ ಮುಚ್ಚಳ ತೆಗೆದಾಗ. ಮರಗೆಲಸದ ಕೈಪಿಡಿಗಳನ್ನು ಓದುವ ಹವ್ಯಾಸ ನನಗಿದೆ. ಉಳಿಯ ಓರೆಯನ್ನು ಗ್ರೈಂಡರಿನಲ್ಲಿ 25 ಡಿಗ್ರಿಗೆ ಹಿಡಿದು, ಅಂಚನ್ನು ಮಾತ್ರ ಕಲ್ಲಿನ ಮೇಲೆ 30ಕ್ಕೆ ತೀಡಬೇಕು ಎಂಬುದು ಅವುಗಳಲ್ಲಿ ಸಾಮಾನ್ಯವಾಗಿ ಸಿಗುವ ಮಾತು. ತಾತನ ಉಳಿಯನ್ನು ಅಳೆದು ನೋಡಿದರೆ 35ರ ಹತ್ತಿರ ಬಂತು. ಪಾಪ, ವರ್ಷಗಟ್ಟಲೆ ಕಣ್ಣಂದಾಜಿನಲ್ಲಿ ತೀಡಿ ತೀಡಿ ಓರೆ ದಪ್ಪಗಾಗಿದೆ, ಸರಿ ಮಾಡಿಕೊಟ್ಟರೆ ಖುಷಿಪಡುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಮುಕ್ಕು ತೆಗೆಸು ಎಂದು ಮಾತ್ರ.

ಈ ಕೋನಕ್ಕೆ ಕೋನಮಾಪಕವೇ ಬೇಕೆಂದಿಲ್ಲ. ಉಳಿಯ ದಪ್ಪವನ್ನೂ ಓರೆಯ ಉದ್ದವನ್ನೂ ಹೋಲಿಸಿದರೆ ಸಾಕು. ಓರೆಯ ಉದ್ದ ದಪ್ಪದ ಸರಿಯಾಗಿ ಎರಡರಷ್ಟಿದ್ದರೆ ಅದು 30 ಡಿಗ್ರಿ. ತಾತನ ಉಳಿ 6 ಮಿಲಿಮೀಟರ್ ದಪ್ಪ. ಅದಕ್ಕೆ 12 ಮಿಲಿಮೀಟರ್ ಓರೆ ಬಿಟ್ಟರೆ 30 ಡಿಗ್ರಿ, 14 ಬಿಟ್ಟರೆ 25, ಹತ್ತೂವರೆ ಬಿಟ್ಟರೆ 35. ಓರೆ ಉದ್ದವಾದಷ್ಟೂ ಬಾಯಿ ತೆಳುವು, ಮರದೊಳಗೆ ಸಲೀಸಾಗಿ ಇಳಿಯುತ್ತದೆ, ಆದರೆ ಏಟು ತಡೆಯುವುದಿಲ್ಲ. ಓರೆ ಗಿಡ್ಡವಾದಷ್ಟೂ ಬಾಯಿಯ ಹಿಂದೆ ಉಕ್ಕಿನ ಬಲವಿರುತ್ತದೆ, ಆದರೆ ಒಳಗೆ ಹೋಗಲು ಜೋರಾಗಿ ಹೊಡೆಯಬೇಕು. ಕೈಯಲ್ಲೇ ಒತ್ತಿ ಮೆದುಮರವನ್ನು ಸವರುವ ಉಳಿಗೆ 20-25 ಸಾಕು. ಕೊಡತಿಯಿಂದ ಹೊಡೆದು ಗಟ್ಟಿಮರದಲ್ಲಿ ತೂತು ತೆಗೆಯುವ ಉಳಿಗೆ 35 ಬೇಕಾಗಬಹುದು. ಕಲ್ಲು ಒಡೆಯುವವರ ಉಳಿಯನ್ನು ನೋಡಿದರೆ ಮರಗೆಲಸದವರು ಅದನ್ನು ಮೊಂಡು ಎಂದೇ ಅಂದಾರು. ಶ್ರೀಗಂಧದಲ್ಲಿ ಕೆತ್ತುವ ಸಾಗರ, ಸೊರಬದ ಗುಡಿಗಾರರ ಸಣ್ಣ ಉಳಿಗಳನ್ನು ನಮ್ಮ ಜಾಲಿಗೆ ಹಾಕಿದರೆ ಬಾಯಿ ಉಳಿಯಲಾರದು.

ಇದೆಲ್ಲ ನನಗೆ ಆವತ್ತೂ ಗೊತ್ತಿತ್ತು. ಗೊತ್ತಿದ್ದೂ ತಾತನ 35 ಡಿಗ್ರಿ ಒಂದು ಉತ್ತರವಾಗಿರಬಹುದು ಎಂದು ಹೊಳೆಯಲಿಲ್ಲ, ಅದು ತಪ್ಪಿದ ಲೆಕ್ಕದ ಹಾಗೆ ಕಂಡಿತು. ಅದೇ 35 ಯಾವುದಾದರೂ ಪುಸ್ತಕದಲ್ಲಿ ಚಿತ್ರದ ಸಮೇತ ಇದ್ದಿದ್ದರೆ ‘ಓಹೋ, ಗಟ್ಟಿಮರಕ್ಕೆ’ ಎಂದುಕೊಳ್ಳುತ್ತಿದ್ದೆ. ಎಪ್ಪತ್ತು ದಾಟಿದ ಒಬ್ಬರ ಕೈಯಿಂದ ಬಂದದ್ದಕ್ಕೆ ‘ಪಾಪ’ ಎಂದೆ.

ಶಾಪಿನವನು ಗೇಟೊಂದನ್ನು ಬೆಸೆಯುತ್ತಿದ್ದ. “ನೀವೇ ಹಿಡ್ಕಳಿ ಅಣ್ಣ, ಸ್ವಿಚ್ ಅಲ್ಲಿದೆ” ಎಂದ. ನನಗೂ ಅದೇ ಬೇಕಿತ್ತು. ಗ್ರೈಂಡರಿನ ಮುಂದೆ ಉಳಿಯನ್ನು ಆನಿಸುವ ಕಬ್ಬಿಣದ ಪಟ್ಟಿಯಿರುತ್ತದೆ. ಅದನ್ನು ಬಾಗಿಸಿ ಬಿಗಿ ಮಾಡಿದರೆ ಕೋನ ನಿಲ್ಲುತ್ತದೆ. ಓರೆಗೆ ಮಾರ್ಕರಿನಿಂದ ಕಪ್ಪು ಬಳಿದು, ಮಿಷನ್ ಆಫ್ ಇರುವಾಗಲೇ ಕಲ್ಲನ್ನು ಕೈಯಲ್ಲಿ ತಿರುಗಿಸಿ, ಬಣ್ಣ ಎಲ್ಲಿ ಕೆರೆದುಹೋಯಿತು ನೋಡಿ ಪಟ್ಟಿಯನ್ನು ಹೊಂದಿಸಬೇಕು. ಅದನ್ನೆಲ್ಲ ಶ್ರದ್ಧೆಯಿಂದಲೇ ಮಾಡಿದೆ.

ಆರಿಂಚಿನ ಕಲ್ಲು ನಿಮಿಷಕ್ಕೆ 2,800 ಸುತ್ತಿನ ಮೇಲೆ ತಿರುಗುತ್ತದೆ. ಅಂದರೆ ಅದರ ಅಂಚು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಶಿರಾ ಹೆದ್ದಾರಿಯಲ್ಲಿ ಬಸ್ಸು ಓಡಿದ ಹಾಗೆ. ಗೇಟಿನ ಕಂಬಿ ಉಜ್ಜಿ ಉಜ್ಜಿ ಆ ಕಲ್ಲಿನ ಮುಖ ನುಣ್ಣಗಾಗಿ ಹೊಳೆಯುತ್ತಿತ್ತು. ಅಂಥ ಕಲ್ಲು ಉಕ್ಕನ್ನು ಕೊರೆಯುವುದು ಕಡಿಮೆ, ಬಿಸಿ ಮಾಡುವುದು ಹೆಚ್ಚು. ಮುಕ್ಕು ತೆಗೆಯುವುದಷ್ಟೇ ಆಗಿದ್ದರೆ ಐದು ನಿಮಿಷದ ಕೆಲಸ. ಓರೆಯನ್ನು 35ರಿಂದ 25ಕ್ಕೆ ಇಳಿಸಬೇಕಾದರೆ ಹಿಂದಿನಿಂದ ಬೇಕಾದಷ್ಟು ಉಕ್ಕು ಹೋಗಬೇಕು. ಮೊದಮೊದಲು ಹತ್ತೆಣಿಸುವಷ್ಟರಲ್ಲಿ ನೀರಿಗೆ ಅದ್ದುತ್ತಿದ್ದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದ್ದುವುದು ವಿರಳವಾಯಿತು. ಕೋನ ಬರುತ್ತಿರುವ ಸಂತೋಷದಲ್ಲಿ ಕೊನೆಗೆ ಅಂಚಿನ ತನಕ ಬಂದೆ. ಅಂಚು ಎಲ್ಲಕ್ಕಿಂತ ತೆಳುವಾದ ಜಾಗ, ಅಲ್ಲಿ ಬಿಸಿಗೆ ಹೋಗಲು ದಾರಿಯಿಲ್ಲ. ಒಂದು ಕ್ಷಣ ಹೊಂಬಣ್ಣ, ಆಮೇಲೆ ಕಂದು, ನೇರಳೆ, ನೋಡನೋಡುತ್ತಿದ್ದಂತೆ ಒಂದು ಮೂಲೆಯಿಂದ ಅರ್ಧ ಬಾಯಿಯ ತನಕ ನವಿಲುಗರಿಯ ನೀಲಿ.

ಇಂಗಾಲದ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಈ ನೀಲಿ ಬರುತ್ತದೆ. ಕಮ್ಮಾರ ಉಳಿಯನ್ನು ಕೆಂಪಗೆ ಕಾಯಿಸಿ ಅದ್ದಿದಾಗ ಅದು ಗಾಜಿನಷ್ಟು ಗಡಸಾಗಿ, ಗಾಜಿನಷ್ಟೇ ಪೆಡಸಾಗಿ ಬರುತ್ತದೆ. ಆಮೇಲೆ ಮತ್ತೆ ಮೆಲ್ಲಗೆ ಬಿಸಿ ಮಾಡಿ, ತೆಳು ಹೊಂಬಣ್ಣ ಬಂದ ಕೂಡಲೇ ನಿಲ್ಲಿಸಿ ಹದ ಕೊಡುತ್ತಾನೆ. ಹದ ಎಂಬುದು ನಮ್ಮಲ್ಲಿ ಮಣ್ಣಿಗೂ ಇದೆ, ಪಾಕಕ್ಕೂ ಇದೆ, ಉಕ್ಕಿಗೂ ಇದೆ. ಅದು ಮೀರಿದ ಉಕ್ಕು ಮೆತ್ತಗಾಗುತ್ತದೆ. ತಣ್ಣಗಾದ ಮೇಲೆ ನೀರಿಗೆ ಹಾಕಿದರೆ ವಾಪಸ್ ಬರುವುದಿಲ್ಲ. ನೀಲಿಯಾದಷ್ಟು ಭಾಗವನ್ನು ಸವೆಸಿ ತೆಗೆಯಬೇಕು, ಇಲ್ಲವೇ ಮತ್ತೆ ಕುಲುಮೆಗೆ ಹೋಗಬೇಕು.

“ಏನೂ ಆಗಲ್ಲ ಬಿಡಿ, ಎಮರಿ ಹಾಳೇಲಿ ತಿಕ್ಕಿದ್ರೆ ಹೋಯ್ತದೆ” ಎಂದ ಶಾಪಿನವನು. ಅವನಿಗೆ ಅದು ಗೇಟಿನ ಕಂಬಿಯ ಮಾತು. ನನಗೆ ಗೊತ್ತಿತ್ತು. ಆದರೂ ತಿಕ್ಕಿದೆ. ಎರಡು ನಿಮಿಷದಲ್ಲಿ ನೀಲಿ ಹೋಗಿ ಬೆಳ್ಳಿಯ ಹಾಗೆ ಹೊಳೆಯಿತು.

ತಾತ ಹೆಬ್ಬೆರಳನ್ನು ಬಾಯಿಗೆ ಅಡ್ಡಲಾಗಿ ಸವರಿ, “ಭಾರಿ ಚೂಪ್ ಮಾಡಿಸ್ಬುಟ್ಟಿದ್ದೀಯ” ಎಂದರು. ಅದು ಮೆಚ್ಚುಗೆಯೋ ಅನುಮಾನವೋ ತಿಳಿಯಲಿಲ್ಲ. “ಕಾಯ್ಸಿಲ್ಲ ತಾನೇ?”

“ನೀರಿಗೆ ಅದ್ದಿ ಅದ್ದಿ ಹಿಡಿದೆ ತಾತ.”

ಈ ವಾಕ್ಯದಲ್ಲಿ ಒಂದು ಪದವೂ ಸುಳ್ಳಲ್ಲ. ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುವವನಿಗೆ ಇಂಥ ವಾಕ್ಯ ಕಟ್ಟುವುದು ಕಷ್ಟವೂ ಅಲ್ಲ. ಅದ್ದಿದ್ದು ನಿಜ, ಅದ್ದಿ ಅದ್ದಿ ಎಂಬುದೂ ನಿಜ.

ಮಾರನೇ ದಿನ ಜಾಲಿಯ ಮೇಲೆ ನಾಲ್ಕೇಟು ಬೀಳುವಷ್ಟರಲ್ಲಿ ಉಳಿಯ ಬಾಯಿ ಮಡಿಚಿಕೊಂಡಿತು. ತಾತ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಡಸು ಹೆಚ್ಚಾದ ಬಾಯಿ ಒಡೆದು ಮುಕ್ಕಾಗುತ್ತದೆ, ಮೆತ್ತಗಾದದ್ದು ಮಡಿಚಿಕೊಳ್ಳುತ್ತದೆ. ಇದು ಮಡಿಚಿದೆ, ಹಾಗಾದರೆ ಹದ ಸರಿಯಿಲ್ಲ. ಆ ಉಳಿಗೆ ಹಿಂದಿನ ವರ್ಷವಷ್ಟೇ ಪಕ್ಕದೂರಿನ ಕಮ್ಮಾರರು ಹದ ಕೊಟ್ಟಿದ್ದರು. ಇವರಿಬ್ಬರದು ನಲವತ್ತು ವರ್ಷದ ಒಡನಾಟ. ಇಬ್ಬರ ತಂದೆಯರೂ ಆಯಗಾರರಾಗಿ ಸುಗ್ಗಿಯಲ್ಲಿ ಕಣದ ಹತ್ತಿರ ನಿಂತು ರಾಗಿ ಅಳೆಸಿಕೊಂಡವರು. ಮುಂದಿನ ಸಂತೆಯಲ್ಲಿ ತಾತ ಅವರನ್ನು ಹುಡುಕಿಕೊಂಡು ಹೋಗಿ, ನಾಲ್ಕು ಜನರ ಮುಂದೆ, “ಬೆಂಕಿ ಮುಂದೆ ಕೂತ್ಕಂಡು ನಿದ್ದೆ ಮಾಡ್ತಿದ್ದಾ?” ಎಂದರಂತೆ. ಕಮ್ಮಾರರು ಎದುರಾಡದೆ, ಹದಕ್ಕೆ ತೆಗೆದುಕೊಂಡಿದ್ದ ನೂರು ರೂಪಾಯಿಯನ್ನು ತೆಗೆದು ಇವರ ಕೈಗಿಟ್ಟರಂತೆ. “ವಯಸ್ಸಾಯ್ತು ಅವನಿಗೆ, ಬಣ್ಣ ಕಾಣಲ್ಲ” ಎಂದು ತಾತ ನನಗೇ ಹೇಳಿದರು. ಆ ಹೊತ್ತಿಗೆ ನಾನು ಅವರಿಗೆ ಕಾಫಿ ಕೊಡುತ್ತಿದ್ದೆ.

ತಾತನ ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ನೀಲಿ ಬಣ್ಣವೊಂದು ಉಳಿದಿದ್ದರೆ ಅವರು ಅರೆಗಳಿಗೆಯಲ್ಲಿ ನಿಜಕ್ಕೆ ಬರುತ್ತಿದ್ದರು. ಸಾಕ್ಷ್ಯವನ್ನು ನಾನು ಎಮರಿ ಹಾಳೆಯಲ್ಲಿ ಒರೆಸಿಹಾಕಿದ್ದೆ. ತಪ್ಪನ್ನು ಮುಚ್ಚಿಟ್ಟರೆ ಅದು ಇಟ್ಟಲ್ಲೇ ಇರುತ್ತದೆ ಎಂದು ನಾನು ತಿಳಿದಿದ್ದೆ. ಬಾಯಿ ಮಡಿಚಿದ ಉಳಿಗೆ ಒಂದು ಕಾರಣ ಬೇಕೇ ಬೇಕು, ನಾನು ಕೊಡದಿದ್ದರೆ ಅದು ಬೇರೆ ಯಾರದೋ ಮನೆಯ ಮುಂದೆ ಹೋಗಿ ನಿಲ್ಲುತ್ತದೆ.

ಇಲ್ಲಿಯವರೆಗಿನದು ಮುಚ್ಚಿಟ್ಟದ್ದರ ಕಥೆ. ಓರೆ ಬದಲಿಸಿದ್ದಕ್ಕೆ ನಾನು ಬೇಗನೇ ಮಾಫಿ ಕೊಟ್ಟುಕೊಂಡಿದ್ದೆ, ಒಳ್ಳೆಯದಕ್ಕೇ ಮಾಡಿದ್ದಲ್ಲವೇ ಎಂದು. ಅದೇ ದಿನಗಳಲ್ಲಿ ಅರಿಸ್ಟಾಟಲನ ‘ನಿಕೊಮೇಕಿಯನ್ ಎಥಿಕ್ಸ್’ ಮತ್ತೆ ಓದುತ್ತಿದ್ದೆ. ಮೊದಲ ಭಾಗದಲ್ಲೇ ಅವನು ಬಡಗಿಯನ್ನೂ ಜ್ಯಾಮಿತಿಯವನನ್ನೂ ಅಕ್ಕಪಕ್ಕ ನಿಲ್ಲಿಸುತ್ತಾನೆ. ಲಂಬಕೋನವನ್ನು ಇಬ್ಬರೂ ಹುಡುಕುತ್ತಾರೆ, ಆದರೆ ಬಡಗಿಗೆ ಅದು ತನ್ನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಸಾಕು, ಜ್ಯಾಮಿತಿಯವನಿಗೆ ಅದು ಏನು ಎಂಬುದೇ ಬೇಕು ಎನ್ನುತ್ತಾನೆ. ನೀತಿಯ ವಿಚಾರದಲ್ಲಿ ಬಡಗಿಯ ನಿಖರತೆಗಿಂತ ಹೆಚ್ಚನ್ನು ಕೇಳಬಾರದು ಎಂಬುದು ಅವನ ಅಭಿಪ್ರಾಯ. ಈ ಭಾಗವನ್ನು ತರಗತಿಯಲ್ಲಿ ನಾನೇ ಒಮ್ಮೆ ವಿವರಿಸಿದ್ದೇನೆ. ವಿವರಿಸುವಾಗ ಬಡಗಿಯ ನಿಖರತೆ ಒಂದು ಮೆಟ್ಟಿಲು ಕೆಳಗಿನದು ಎಂಬ ಧ್ವನಿ ನನ್ನ ಮಾತಿನಲ್ಲಿತ್ತು ಅನ್ನಿಸುತ್ತದೆ.

ತಮಾಷೆಯೆಂದರೆ, ಜ್ಯಾಮಿತಿಯವನಾಗಿಯೂ ನಾನು ಸೋತಿದ್ದೆ. ದುಂಡುಕಲ್ಲಿನ ಮೇಲೆ ಹಿಡಿದ ಓರೆ ಸಪಾಟಾಗಿರುವುದಿಲ್ಲ, ಕಲ್ಲಿನ ಬಳುಕಿಗೆ ತಕ್ಕಂತೆ ಒಳಗೆ ತಗ್ಗಾಗಿರುತ್ತದೆ. ಕೋನಮಾಪಕ ಅಳೆಯುವುದು ಆ ತಗ್ಗಿನ ಎರಡು ದಡಗಳ ನಡುವಿನ ನೇರಗೆರೆಯನ್ನು. ಆರಿಂಚಿನ ಕಲ್ಲಿನ ಮೇಲೆ 14 ಮಿಲಿಮೀಟರ್ ಓರೆ ತೆಗೆದರೆ, ಅಂಚಿನಲ್ಲಿ ನಿಜವಾಗಿ ಇರುವ ಕೋನ ಅದಕ್ಕಿಂತ ಐದು ಡಿಗ್ರಿಗೂ ಹೆಚ್ಚು ಕಡಿಮೆ. ನಾನು 25 ಎಂದು ಬೀಗಿದ ಬಾಯಿ 20 ಡಿಗ್ರಿಯೂ ಇರಲಿಲ್ಲ. ಕಲ್ಲು ಸವೆದು ಸಣ್ಣದಾದಂತೆ ಇದು ಇನ್ನೂ ಬದಲಾಗುತ್ತದೆ, ಪಟ್ಟಿಯನ್ನು ಮುಟ್ಟದಿದ್ದರೂ. ಇವತ್ತು ಸರಿಯಾಗಿ ಹೊಂದಿಸಿಟ್ಟದ್ದು ಆರು ತಿಂಗಳ ಮೇಲೆ ತಪ್ಪಾಗಿರುತ್ತದೆ. ಅದನ್ನು ಕಾಯುತ್ತಿರುವ ಕಣ್ಣು ಬೇಕು. ತಾತನ ಬಳಿ ಇದ್ದದ್ದು ಆ ಕಣ್ಣು, ನನ್ನ ಬಳಿ ಇದ್ದದ್ದು ಪ್ಲಾಸ್ಟಿಕ್ಕಿನ ಅರ್ಧಚಂದ್ರ.

ಹಾಗಾದರೆ ಓರೆ ಎಂಬುದು ಅವರವರ ಇಷ್ಟವೇ? ಅಲ್ಲ. ಇಷ್ಟ ಬಂದ ಹಾಗೆ ಹಿಡಿದ ಉಳಿಯನ್ನು ಜಾಲಿ ಒಪ್ಪುವುದಿಲ್ಲ, ನನ್ನದನ್ನು ಒಪ್ಪಲಿಲ್ಲ. ಅದೇ ಪುಸ್ತಕದ ಐದನೇ ಭಾಗದಲ್ಲಿ ಅರಿಸ್ಟಾಟಲ್ ಲೆಸ್ಬೋಸ್ ದ್ವೀಪದ ಕಟ್ಟಡಗಾರರ ಸೀಸದ ಅಳತೆಪಟ್ಟಿಯ ಮಾತೆತ್ತುತ್ತಾನೆ. ಅದು ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗುತ್ತದಂತೆ. ಕಾನೂನು ಸಾಮಾನ್ಯವಾಗಿ ಹೇಳಿದ್ದನ್ನು ಎದುರಿಗಿರುವ ಪ್ರಸಂಗಕ್ಕೆ ಹೊಂದಿಸುವ ನ್ಯಾಯಕ್ಕೆ ಅವನು ಕೊಡುವ ಹೋಲಿಕೆ ಅದು. ಪಟ್ಟಿ ಬಾಗುತ್ತದೆ ನಿಜ, ಆದರೆ ಅದು ಬಾಗುವುದು ಕಲ್ಲು ಹೇಳಿದ ಹಾಗೆ, ಹಿಡಿದವನು ಹೇಳಿದ ಹಾಗಲ್ಲ.

ಇನ್ನೊಂದು ಕಡೆಯಿಂದಲೂ ನನ್ನನ್ನು ಕೇಳಿಕೊಂಡಿದ್ದೇನೆ. ದೊಡ್ಡವರ ರೂಢಿಯನ್ನು ಹೊರಗಿನ ಅಳತೆಯಿಂದ ತಿದ್ದಲೇಬಾರದೇ? ಕಣ್ಣಿಗೆ ಆಪರೇಷನ್ ಆಗುವ ಮುಂಚೆ ತಾತ ಕನ್ನಡಕವಿಲ್ಲದೆ ಗ್ರೈಂಡರ್ ಮುಂದೆ ನಿಲ್ಲುತ್ತಿದ್ದರು, ಬಯ್ದರೆ ನಗುತ್ತಿದ್ದರು. ಅಲ್ಲಿ ನಾನು ಸರಿ, ಇವತ್ತೂ ಸರಿ. ಕಿಡಿ ಬಿದ್ದರೆ ಜಾಲಿ ಕೆತ್ತುವವನ ಕಣ್ಣೂ ತೇಗ ಕೆತ್ತುವವನ ಕಣ್ಣೂ ಒಂದೇ ರೀತಿ ಹೋಗುತ್ತದೆ, ಅಲ್ಲಿ ಎಲ್ಲರಿಗೂ ಒಂದೇ ನಿಯಮ ಸಲ್ಲುತ್ತದೆ. ಓರೆಯ ಪ್ರಶ್ನೆ ಹಾಗಿರಲಿಲ್ಲ. ಅದು ಮರ ಯಾವುದು, ಹೊಡೆಯುವವನ ಕೈ ಎಷ್ಟು ಭಾರ ಎಂಬುದನ್ನು ಕೇಳಿಯೇ ಉತ್ತರ ಕೊಡುವ ಪ್ರಶ್ನೆ. ಯಾವುದು ಯಾವ ಜಾತಿಯ ಪ್ರಶ್ನೆ ಎಂದು ಮೊದಲು ನೋಡಬೇಕಿತ್ತು. ನೋಡುವುದೆಂದರೆ ಇಲ್ಲಿ ಬಹಳ ಸಣ್ಣ ಕೆಲಸ. ‘ಇದು ಯಾಕೆ ಇಷ್ಟು ದಪ್ಪ ಇದೆ ತಾತ?’ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿ 18 ಕಸುಬಿನವರಿಗೆ 15,000 ರೂಪಾಯಿವರೆಗಿನ ಸಲಕರಣೆಗೆ ನೆರವಿದೆ. ಒಳ್ಳೆಯದೇ. ಆದರೆ ಕಾರ್ಖಾನೆಯಿಂದ ಬಂದ ಹತ್ತು ಉಳಿಗಳ ಓರೆ ಒಂದೇ ಆಗಿರುತ್ತದೆ. ಹತ್ತು ಮನೆ ಸೇರಿ ಎರಡು ವರ್ಷವಾದ ಮೇಲೆ ಅವನ್ನು ಮತ್ತೆ ಜೋಡಿಸಿಟ್ಟರೆ ಹತ್ತೂ ಬೇರೆಯಾಗಿರುತ್ತವೆ. ತಾತನ ಆ ಹತ್ತೂವರೆ ಮಿಲಿಮೀಟರಿನಲ್ಲಿ ಅವರು ಇಲ್ಲಿಯತನಕ ಕೆತ್ತಿದ ಜಾಲಿ, ಬೇವು, ಹುಣಸೆಯೆಲ್ಲ ಬರೆದಿಟ್ಟ ಹಾಗಿತ್ತು. ಅರ್ಧ ಗಂಟೆಯಲ್ಲಿ ನಾನು ಅದನ್ನು ಅಳಿಸಿದೆ. ಆಮೇಲೆ ಎರಡು ನಿಮಿಷದಲ್ಲಿ ನನ್ನ ನೀಲಿಯನ್ನೂ ಅಳಿಸಿದೆ. ಎರಡೂ ಸಲ ಕೈ ಅದೇ, ಹುಮ್ಮಸ್ಸೂ ಹೆಚ್ಚುಕಡಿಮೆ ಅದೇ. ಉಳಿಯ ಮೇಲೆ ಯಾರಿಗೆ ಏನು ಕಾಣಬೇಕು ಎಂದು ತೀರ್ಮಾನಿಸುವವನು ನಾನು ಎಂದುಕೊಂಡಿದ್ದೆ. ಮೊದಲನೆಯದಕ್ಕೆ ಒಳ್ಳೆಯ ಉದ್ದೇಶವಿತ್ತು ಎನ್ನುವುದು ಹೌದು. ಆ ಒಳ್ಳೆಯ ಉದ್ದೇಶವೇ ಅಂಚಿನ ತನಕ ಕೈ ನಿಲ್ಲಿಸದೆ ಕರೆದುಕೊಂಡು ಹೋದದ್ದು.

ಆಯುಧಪೂಜೆಯ ದಿನ ತಾತನ ಮನೆಯ ಜಗಲಿಯ ಮೇಲೆ ಗರಗಸ, ಬಾಚಿ, ಕೊಡತಿ, ಉಳಿಗಳೆಲ್ಲ ಸಾಲಾಗಿದ್ದವು. ಒಂದಿಂಚಿನದು ಅದರ ಜೊತೆಯವುಗಳಿಗಿಂತ ಕಾಲಿಂಚು ಗಿಡ್ಡವಾಗಿತ್ತು. ಮಡಿಚಿದ ಬಾಯನ್ನು ತಾತ ಕಲ್ಲಿನ ಮೇಲೆ, ಕೈಯಲ್ಲಿ, ವಾರಗಟ್ಟಲೆ ಸವೆಸಿದ್ದರು. ಕುಂಕುಮ ಇಟ್ಟಿದ್ದರೂ ಅದರಿಂದ ಆಮೇಲೆ ಕೆಲಸ ಮಾಡಿರಲಿಲ್ಲ. ಮಂಡಕ್ಕಿ ತಿನ್ನುತ್ತ ಕೂತಿದ್ದಾಗ ಹೇಳಿದೆ. ಎಲ್ಲ ಹೇಳಿದೆ, ಎಮರಿ ಹಾಳೆಯನ್ನೂ.

ಅವರು ಮೊದಲು ಕೇಳಿದ್ದು ಸುಟ್ಟದ್ದರ ಬಗ್ಗೆ ಅಲ್ಲ.

“ಓರೆ ಯಾಕ್ ಬದಲಾಯಿಸ್ದೆ?”

“ಪುಸ್ತಕದಲ್ಲಿ 25 ಅಂತ ಇತ್ತು ತಾತ.”

“ಯಾವ ಮರಕ್ಕೆ ಅಂತಿತ್ತು?”

ನಾನು ಸುಮ್ಮನಿದ್ದೆ. ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ನೂರರ ನೋಟು. ಅದು ಆ ಸಂತೆಯ ನೋಟೇ ಇರಲಿಕ್ಕಿಲ್ಲ, ಆದರೆ ಎರಡು ಮಡಿಕೆ ಮಾಡಿ ಹಿಡಿದಿದ್ದರು. “ನನ್ ಮುಂದೆ ಹೇಳಿ ಏನ್ ಬಂತು? ಮಾತು ಕೇಳಿದ್ದು ಅವ್ನು. ಉಳೀನೂ ತಗಂಡ್ ಹೋಗು. ನಾನೂ ಬತ್ತೀನಿ, ಆದ್ರೆ ಮೊದ್ಲು ನೀನ್ ಹೋಗ್ ಹೇಳು.”

ಮಾರನೇ ದಿನ ಹೋದೆ. ಕಮ್ಮಾರರು ಕುಲುಮೆಯ ಮುಂದೆ ಕುಡುಗೋಲು ಬಡಿಯುತ್ತಿದ್ದರು. ನನ್ನ ಮಾತು ಮುಗಿಯುವ ತನಕ ಬಡಿಯುತ್ತಲೇ ಇದ್ದರು. ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಶುರು ಮಾಡಿದೆ. “ಕೇಳುಸ್ತು” ಎಂದರು. ನೋಟನ್ನು ತಿದಿಯ ಪಕ್ಕದ ಕಲ್ಲಿನ ಮೇಲೆ ಇಟ್ಟೆ. ಅವರು ಅದರ ಕಡೆ ನೋಡಲಿಲ್ಲ. ಕೈ ಒರೆಸಿಕೊಂಡು ಉಳಿಯನ್ನು ತೆಗೆದುಕೊಂಡು, ಅಡ್ಡಡ್ಡ, ಉದ್ದುದ್ದ ತಿರುಗಿಸಿದರು.

“ನೀಲಿ ಎಲ್ಲೀಗಂಟ ಬಂದಿತ್ತು?”

ಬೆರಳಿಟ್ಟು ತೋರಿಸಿದೆ. ಅವರು ಅಲ್ಲಿಗೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ಉಳಿದ ಉಕ್ಕು ಎಷ್ಟಿದೆ ಎಂದು ಬೆರಳಲ್ಲೇ ಅಳೆದರು. ಇನ್ನೂ ಕೆಲವು ವರ್ಷ ಬರುತ್ತದೆ ಎಂದರು. ಹದ ಕೊಟ್ಟ ಮೇಲೆ ಬಾಯಿ ಹಿಡಿಯಬೇಕಲ್ಲ, ಓರೆ ಎಷ್ಟು ಬಿಡಲಿ ಎಂದು ಕೇಳಿದರು. ನಾನು ಫೋನ್ ತೆಗೆದು ತಾತನಿಗೆ ಮಾಡಿ, ಅವರ ಕೈಗೆ ಕೊಟ್ಟೆ.